ಇಲ್ಲಿಗೆ ಪ್ರಸಾರ ಮುಕ್ತಾಯ

2018ರ ಮೇ ತಿಂಗಳಲ್ಲಿ ಗೂಗಲ್, ಅದರ ಮುಂದಿನ ತಿಂಗಳು ಆಪಲ್, ಎರಡೂ ಹೆಚ್ಚುಕಮ್ಮಿ ಒಂದೇ ಥರದ ಸೌಲಭ್ಯವನ್ನು ಪ್ರಕಟಿಸಿದವು. ನೀವು ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡ್ತೀರಿ ಅಂತ ಫೋನೇ ಲೆಕ್ಕ ಇಟ್ಟು ಹೇಳುತ್ತೆ. ಒಂದರ ಹೆಸರು ಡಿಜಿಟಲ್ ವೆಲ್‌ಬೀಯಿಂಗ್, ಇನ್ನೊಂದರದು ಸ್ಕ್ರೀನ್ ಟೈಮ್. ಸಾರಾಯಿ ಅಂಗಡಿಯವನೇ ಬಾಗಿಲಿಗೆ ಬೋರ್ಡ್ ಹಾಕಿ, ಯಾರು ಎಷ್ಟು ಗ್ಲಾಸ್ ಕುಡಿದರು ಅಂತ ಬರೆದಿಟ್ಟ ಹಾಗೆ. ಅಂಗಡಿ ಮಾತ್ರ ಯಾವತ್ತೂ ಮುಚ್ಚೋದಿಲ್ಲ.

ಆವತ್ತಿನಿಂದ ನಮ್ಮ ಮಾತಿನ ದಾಟಿಯೇ ಬದಲಾಯಿತು. ಕ್ಯಾಂಟೀನಿನಲ್ಲಿ ಊಟ ಮಾಡುತ್ತಾ "ನಿಂದೆಷ್ಟು? ನಂದು ಆರೂವರೆ ಗಂಟೆ" ಅಂತ ಬಿಪಿ, ಶುಗರ್ ಹೇಳಿಕೊಂಡಂಗೆ ಹೇಳಿಕೊಳ್ತೀವಿ. ಕಳೆದ ವಾರ ನನ್ನ ಫೋನ್ ತೋರಿಸಿದ್ದು ದಿನಕ್ಕೆ 4 ಗಂಟೆ 50 ನಿಮಿಷ. ಅದರಲ್ಲಿ ಊರಲ್ಲಿರುವ ಅವ್ವನ ಜೊತೆಗಿನ ವಿಡಿಯೋ ಕಾಲ್ ಇದೆ, ಆಟೋದಲ್ಲಿ ನೋಡಿದ ಮ್ಯಾಪ್ ಇದೆ, ರಾತ್ರಿ ಹನ್ನೊಂದಕ್ಕೆ ಸರ್ವರ್ ಬಿದ್ದಾಗ ಬಂದ ಅಲರ್ಟ್ ಇದೆ, ಕಾಕಾ ಕೇಳಿದ ಹತ್ತಿ ರೇಟು ಇದೆ, ಯಾರೋ ಗೊತ್ತಿಲ್ಲದವರು ದೋಸೆ ಹಾಕುವ ರೀಲ್ ಕೂಡ ಇದೆ. ಜೋಳ, ತೊಗರಿ, ಕಲ್ಲು, ಮಣ್ಣು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ತೂಕ ಹಾಕಿದ ಹಾಗಿದೆ ಈ ಲೆಕ್ಕ. ಈ ತೂಕ ನೋಡಿ ಆರೋಗ್ಯ ಹೇಳೋಕಾಗುತ್ತಾ? ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೊಸ ಮಾಧ್ಯಮ ಬಂದಾಗಲೆಲ್ಲ "ಜನ ಕೆಟ್ಟರು" ಎಂಬ ಕೂಗು ಎದ್ದೇ ಎದ್ದಿದೆ. ಪ್ಲೇಟೋ ಬರೆದ ಸಂವಾದವೊಂದರಲ್ಲಿ ಸಾಕ್ರಟೀಸನು ಬರವಣಿಗೆಯ ಬಗ್ಗೆಯೇ ತಕರಾರು ತೆಗೆಯುತ್ತಾನೆ: ಬರೆದಿಟ್ಟುಕೊಳ್ಳುವವನು ನೆನಪಿಡುವುದನ್ನು ಮರೆಯುತ್ತಾನೆ ಅಂತ. 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಪಂಡಿತರು ಕಾದಂಬರಿ ಓದುವ 'ಓದಿನ ಚಟ'ದಿಂದ ಯುವಕರು, ಅದರಲ್ಲೂ ಹೆಣ್ಣುಮಕ್ಕಳು ಹಾಳಾಗುತ್ತಿದ್ದಾರೆ ಎಂದು ಪುಟಗಟ್ಟಲೆ ಬರೆದರು. ಆಮೇಲೆ ಸಿನಿಮಾ ಬಂತು, ರೇಡಿಯೋ ಬಂತು, ಟಿವಿ ಬಂತು. ಟಿವಿಗೆ 'ಮೂರ್ಖರ ಪೆಟ್ಟಿಗೆ' ಅಂತ ಹೆಸರಿಟ್ಟ ತಲೆಮಾರು ಇವತ್ತು ವಾಟ್ಸಾಪಿನಲ್ಲಿ ದಿನಕ್ಕೆ ನಲವತ್ತು ಗುಡ್ ಮಾರ್ನಿಂಗ್ ಕಳಿಸುತ್ತೆ. ಆದ್ದರಿಂದ ಫೋನಿನ ಬಗ್ಗೆ ಈಗಿರುವ ಭಯವೂ ಅದೇ ಹಳೇ ರಾಗ ಅಂತ ವಾದಿಸುವವರಿದ್ದಾರೆ. ಅವರ ವಾದವನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ.

ಆದರೆ ಹಳೆಯ ಮಾಧ್ಯಮಗಳಲ್ಲಿ ಇದ್ದ, ಈಗಿನದರಲ್ಲಿ ಇಲ್ಲದ ಒಂದು ಸಂಗತಿ ಇದೆ. ಅದರ ಹೆಸರು ಮುಕ್ತಾಯ.

ಮೈಸೂರಿನಿಂದ ಶುರು ಮಾಡೋಣ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಮೊದಲು ಅಂಟಿಕೊಂಡದ್ದು ಆ ಕೇಂದ್ರಕ್ಕೆ. ಇಡೀ ದೇಶದ ರೇಡಿಯೋ ಆ ಹೆಸರನ್ನು ತೆಗೆದುಕೊಂಡದ್ದು ಐವತ್ತರ ದಶಕದಲ್ಲಿ. ಗೋಪಾಲಸ್ವಾಮಿಯವರು ಎಂಜಿನಿಯರ್ ಅಲ್ಲ, ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್. ಕನ್ನಡಿಗರ ಕಿವಿಗೆ ಮೊದಲ ರೇಡಿಯೋ ದನಿ ಮುಟ್ಟಿಸಿದ್ದು ಮನಸ್ಸಿನ ಶಾಸ್ತ್ರ ಓದಿದವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ರೇಡಿಯೋಕ್ಕೆ ಹೊತ್ತುಗೊತ್ತು ಇತ್ತು. ನನ್ನ ಬಾಲ್ಯದ ಮನೆಯಲ್ಲಿ ಪ್ರದೇಶ ಸಮಾಚಾರ ಅಂದರೆ ಊಟದ ಹೊತ್ತು, ಕೃಷಿರಂಗ ಅಂದರೆ ದನ ಕೊಟ್ಟಿಗೆಗೆ ಬಂದ ಹೊತ್ತು. ಕೊನೆಗೆ "ಇಲ್ಲಿಗೆ ನಮ್ಮ ಪ್ರಸಾರ ಮುಕ್ತಾಯವಾಯಿತು" ಅಂತ ಒಂದು ದನಿ ಹೇಳುತ್ತಿತ್ತು. ಆಮೇಲೆ ಬರೀ ಗರ್ ಸದ್ದು. ಅಪ್ಪ ಎದ್ದು ಗುಂಡಿ ತಿರುವಿ, ಸೆಲ್ ಉಳೀಲಿ ಅಂತ ರೇಡಿಯೋ ಆರಿಸಿ ಮಲಗುತ್ತಿದ್ದ. ಅದನ್ನು ಯಾರೂ ಸಂಯಮ ಅಂತ ಕರೆಯಲಿಲ್ಲ. ಕೇಳಲಿಕ್ಕೆ ಇನ್ನೇನೂ ಉಳಿದಿರಲಿಲ್ಲ, ಅಷ್ಟೇ.

ಪರದೆಯ ಕಥೆಯೂ ಹೀಗೇ ಶುರುವಾಯಿತು. 1975ರ ಆಗಸ್ಟ್ 1ರಂದು ಭಾರತದಲ್ಲಿ 'ಸೈಟ್' ಎಂಬ ಪ್ರಯೋಗ ಆರಂಭವಾಯಿತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮಗೆ ಕೊಟ್ಟಿತ್ತು. ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿವಿ ಇಡಿಸಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ನಮ್ಮ ಸೀಮೆಯೇ: ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನವರು ಮನೆಯಲ್ಲಿ ಟಿವಿ ನೋಡುವುದಕ್ಕೂ ವರ್ಷಗಳ ಮೊದಲೇ ಈ ಬಿಸಿಲ ನಾಡಿನ ಹಳ್ಳಿಗಳ ಜನ ಉಪಗ್ರಹದ ಟಿವಿ ನೋಡಿದ್ದರು ಅಂದರೆ ನನ್ನ ಆಫೀಸಿನಲ್ಲಿ ಯಾರೂ ನಂಬೋದಿಲ್ಲ.

ದಿನಕ್ಕೆ ಸುಮಾರು 4 ಗಂಟೆ ಪ್ರಸಾರ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಹಾಡು, ನಾಟಕ. ಊರಿಗೆ ಒಂದೇ ಸೆಟ್, ಎಲ್ಲರೂ ಕೂಡಿ ಕೂತು ನೋಡಬೇಕು. 1976ರ ಜುಲೈ 31ಕ್ಕೆ ಒಪ್ಪಂದ ಮುಗಿಯಿತು, ಉಪಗ್ರಹ ಹೊರಟುಹೋಯಿತು. ಪ್ರಸಾರಕ್ಕಷ್ಟೇ ಅಲ್ಲ, ಇಡೀ ಟಿವಿಗೇ ಮುಕ್ತಾಯ!

ತಮಾಷೆ ನೋಡಿ, ದೂರದರ್ಶನದ 'ರಾಮಾಯಣ' ಮುಗಿದದ್ದೂ ಜುಲೈ 31ಕ್ಕೇ, 1988ರಲ್ಲಿ. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ಅದು ಬರುವ ಹೊತ್ತಿಗೆ ಬೀದಿಗಳು ಖಾಲಿಯಾಗುತ್ತಿದ್ದವು, ಜನ ಟಿವಿಗೆ ಹೂವಿನ ಹಾರ ಹಾಕುತ್ತಿದ್ದರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಅಂಥ ಎಂಗೇಜ್‌ಮೆಂಟ್ ಯಾವ ಆ್ಯಪ್‌ಗೂ ಸಿಕ್ಕಿಲ್ಲ. ಆದರೂ ಆ ಹುಚ್ಚಿನಿಂದ ಯಾರ ಜೀವನವೂ ಕೆಡಲಿಲ್ಲ, ಯಾಕಂದರೆ ಕಂತು ಮುಗಿದ ಮೇಲೆ ಮುಂದಿನ ಭಾನುವಾರದವರೆಗೆ ರಾಮನೂ ಇಲ್ಲ, ರಾವಣನೂ ಇಲ್ಲ. ಜನ ಎದ್ದು ಹೊಲಕ್ಕೆ ಹೋದರು. ದಾರಿಯುದ್ದಕ್ಕೂ ನೋಡಿದ್ದರ ಬಗ್ಗೆಯೇ ಮಾತು. ನೋಡುವುದು ಒಂದು ತಾಸು, ಮಾತಾಡುವುದು ಒಂದು ವಾರ.

ಮುಕ್ತಾಯ ಯಾವಾಗ ಕಳಚಿಕೊಳ್ಳಲು ಶುರುವಾಯಿತು? ಮೊದಲ ಏಟು ಉಪಗ್ರಹ ಚಾನೆಲ್ಲುಗಳದ್ದು. 1991ರಿಂದ ಸ್ಟಾರ್ ಟಿವಿ, 1994ರಲ್ಲಿ ಕನ್ನಡಕ್ಕೆ ಉದಯ ಟಿವಿ. ಕೇಬಲ್ ಎಳೆದ ಮನೆಯಲ್ಲಿ ಟಿವಿ ತಾನಾಗಿ ನಿಲ್ಲುವುದು ಬಂದ್ ಆಯಿತು. ಆದರೂ ಕರೆಂಟ್ ಹೋಗುತ್ತಿತ್ತು, ಸೀರಿಯಲ್ಲಿಗೆ 'ಮುಂದುವರೆಯುವುದು' ಎಂಬ ಬೋರ್ಡ್ ಇತ್ತು, ಮನೆಗೊಂದೇ ಸೆಟ್ ಇದ್ದುದರಿಂದ ರಿಮೋಟಿಗೆ ಜಗಳವಿತ್ತು. ಜಗಳವೂ ಒಂದು ಬ್ರೇಕ್ ತಾನೇ?

1995ರ ಜುಲೈ 31ರಂದು, ಮತ್ತದೇ ತಾರೀಖು, ಕಲ್ಕತ್ತಾದಿಂದ ಜ್ಯೋತಿ ಬಸು ಅವರು ದೆಹಲಿಯ ಸುಖ್ ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗಿನ ಮೊಬೈಲಿನ ಮುಕ್ತಾಯ ಜೇಬಿನಲ್ಲಿತ್ತು: ನಿಮಿಷಕ್ಕೆ ಇಷ್ಟು ರೂಪಾಯಿ. ನಾನು ಬಿಇ ಓದುವಾಗಲೂ ಮನೆಗೆ ಮಿಸ್ಡ್ ಕಾಲ್ ಕೊಡುವುದೇ ಸಂವಹನ. ಎರಡು ರಿಂಗ್ ಅಂದರೆ ಆರಾಮಿದ್ದೀನಿ, ಮೂರು ಅಂದರೆ ದುಡ್ಡು ಕಳಿಸಿ.

2007ರಲ್ಲಿ ಐಫೋನ್, ಮರುವರ್ಷ ಮೊದಲ ಆಂಡ್ರಾಯ್ಡ್ ಫೋನ್ ಬಂದವು. ಫೋನುಗಳಿಗಿಂತ ಮುಖ್ಯ ಇತಿಹಾಸ ಅವುಗಳ ಒಳಗಿನ ಸಣ್ಣಸಣ್ಣ ಬದಲಾವಣೆಗಳದ್ದು. ಅದನ್ನು ಯಾರೂ ಸ್ಮಾರಕ ಕಟ್ಟಿ ನೆನೆಯೋದಿಲ್ಲ.

2006ರಲ್ಲಿ ಏಜಾ ರಾಸ್ಕಿನ್ ಎಂಬ ಡಿಸೈನರ್ ಕೊನೆಯಿಲ್ಲದ ಸ್ಕ್ರೋಲನ್ನು ರೂಪಿಸಿದ. ಅದಕ್ಕೂ ಮೊದಲು ವೆಬ್ ಪುಟದ ಅಡಿಯಲ್ಲಿ 1, 2, 3, ಮುಂದೆ ಅಂತ ಇರುತ್ತಿತ್ತು. 'ಮುಂದೆ' ಒತ್ತುವ ಮುನ್ನ ಅರೆಕ್ಷಣ ಮನುಷ್ಯ ಯೋಚಿಸುತ್ತಿದ್ದ: ಬೇಕಾ, ಸಾಕಾ? ಆ ಅರೆಕ್ಷಣವನ್ನೇ ತೆಗೆದುಹಾಕಲಾಯಿತು. ಇದರ ಪರಿಣಾಮ ನೋಡಿ ರಾಸ್ಕಿನ್ ಮುಂದೆ ಬಹಿರಂಗವಾಗಿಯೇ ವಿಷಾದ ಹೇಳಿಕೊಂಡ. 2008-09ರ ಸುಮಾರಿಗೆ ಲೋರೆನ್ ಬ್ರಿಕ್ಟರ್ ಎಂಬ ಪ್ರೋಗ್ರಾಮರ್ ತನ್ನ ಟ್ವೀಟೀ ಆ್ಯಪ್‌ನಲ್ಲಿ ಬೆರಳಿನಿಂದ ಕೆಳಗೆಳೆದರೆ ಹೊಸದು ಬರುವ ತಂತ್ರ ತಂದ. 2009ರಲ್ಲಿ ಫೇಸ್‌ಬುಕ್ಕಿನ ಲೈಕ್ ಬಟನ್ ಬಂತು. ಅದೇ ವರ್ಷ ಐಫೋನಿನಲ್ಲಿ ಆ್ಯಪ್‌ಗಳೇ ನಮ್ಮನ್ನು ಕರೆಯುವ ಪುಶ್ ನೋಟಿಫಿಕೇಶನ್ ಬಂತು. 2012ರಲ್ಲಿ ನೆಟ್‌ಫ್ಲಿಕ್ಸ್ ಒಂದು ಕಂತು ಮುಗಿಯುತ್ತಿದ್ದಂತೆ ಇನ್ನೊಂದನ್ನು ತಾನೇ ಶುರು ಮಾಡತೊಡಗಿತು. 2015ರಲ್ಲಿ ಯೂಟ್ಯೂಬ್ ಅದೇ ದಾರಿ ಹಿಡಿಯಿತು.

ಒಂದೊಂದನ್ನೂ ಬಿಡಿಯಾಗಿ ನೋಡಿದರೆ ತಪ್ಪೇನಿಲ್ಲ, ಬಳಸುವವನಿಗೆ ಅನುಕೂಲ. ಜೋಡಿಸಿ ನೋಡಿದರೆ ಮಾತ್ರ, ಮಾಧ್ಯಮದಲ್ಲಿದ್ದ ಪ್ರತಿಯೊಂದು 'ಮುಗಿಯಿತು' ಎಂಬ ಗುರುತನ್ನೂ ಒರೆಸಿಹಾಕಿದ ಹತ್ತು ವರ್ಷಗಳು ಇವು.

ಇಲ್ಲಿ ಮನಃಶಾಸ್ತ್ರ ಮತ್ತೆ ಬರುತ್ತದೆ. ಅಮೆರಿಕದ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಿಂದ ತಿಳಿದದ್ದು ಇಷ್ಟು: ಗುಂಡಿ ಕುಕ್ಕಿದಾಗಲೆಲ್ಲ ಕಾಳು ಸಿಕ್ಕರೆ ಹಕ್ಕಿ ಹಸಿವಾದಾಗ ಮಾತ್ರ ಕುಕ್ಕುತ್ತೆ. ಯಾವಾಗ ಸಿಗುತ್ತೋ ಗೊತ್ತಿಲ್ಲದ ಹಾಗೆ ಕೊಟ್ಟರೆ ಬಿಡದೆ ಕುಕ್ಕುತ್ತಲೇ ಇರುತ್ತೆ. ಇಸ್ಪೀಟು ಆಡುವವರು, ಓಸಿ ಬರೆಯುವವರು ಯಾಕೆ ಏಳೋದಿಲ್ಲ ಅಂತ ನಮ್ಮೂರ ಹಿರಿಯರಿಗೆ ಸ್ಕಿನ್ನರ್ ಓದದೆಯೇ ಗೊತ್ತಿತ್ತು. ಹತ್ತು ರೀಲ್ ಬೋರು, ಹನ್ನೊಂದನೆಯದು ಭಾರಿ ಚೆನ್ನಾಗಿದೆ. ಆ ಹನ್ನೊಂದನೆಯದೇ ಕಾಳು. 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಿ.ಜೆ. ಫಾಗ್ ಅವರು ಕಂಪ್ಯೂಟರಿನ ಮೂಲಕ ಜನರ ನಡವಳಿಕೆ ಬದಲಿಸುವುದು ಹೇಗೆ ಎಂದು ಅಧ್ಯಯನ ಮಾಡಲು ಪ್ರಯೋಗಾಲಯ ಶುರು ಮಾಡಿದರು. ಮೈಸೂರಿನ ಮನಃಶಾಸ್ತ್ರದ ಮೇಷ್ಟ್ರು ಜನರ ಕಿವಿಗೆ ಒಳ್ಳೆಯದೇನಾದರೂ ಬೀಳಲಿ ಅಂತ ರೇಡಿಯೋ ಹಚ್ಚಿದರು. ಅದೇ ಶಾಸ್ತ್ರದ ತಿಳಿವಳಿಕೆ ಮುಂದೆ ಜನ ಏಳದ ಹಾಗೆ ಹೇಗೆ ಕೂರಿಸೋದು ಎಂಬ ವ್ಯಾಪಾರಕ್ಕೂ ಒದಗಿತು.

ನಮ್ಮ ದೇಶದಲ್ಲಿ ಕೊನೆಯ ಬ್ರೇಕ್ ಉಳಿದಿದ್ದು ಡೇಟಾದ ಬೆಲೆ. ತಿಂಗಳಿಗೆ 1 ಜಿಬಿ ಹಾಕಿಸಿಕೊಂಡು ಅಕ್ಕಿ ಡಬ್ಬಿ ನೋಡಿದಂಗೆ ದಿನಾ ಬ್ಯಾಲೆನ್ಸ್ ನೋಡಿಕೊಳ್ಳುತ್ತಿದ್ದ ಕಾಲ ನಿಮಗೂ ನೆನಪಿರಬೇಕು. 2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾಯಿತು, ಮೊದಮೊದಲು ಡೇಟಾ ಪುಕ್ಕಟೆ. ಆಮೇಲೆ ಎಲ್ಲ ಕಂಪನಿಗಳೂ ದಿನಕ್ಕಿಷ್ಟು ಜಿಬಿ ಎಂಬ ಲೆಕ್ಕಕ್ಕೆ ಬಂದವು. ಗಮನಿಸಿ, ತಿಂಗಳ ಡೇಟಾ ಇದ್ದಾಗ ಉಳಿಸುವುದು ಜಾಣತನವಾಗಿತ್ತು. ದಿನದ ಡೇಟಾ ಮಧ್ಯರಾತ್ರಿಗೆ ಸತ್ತುಹೋಗುತ್ತೆ, ಅದಕ್ಕೇ ಮುಗಿಸುವುದು ಜಾಣತನವಾಯಿತು. "ಇನ್ನೂ ಅರ್ಧ ಜಿಬಿ ಐತಿ" ಅಂತ ರಾತ್ರಿ ಹನ್ನೊಂದಕ್ಕೆ ಕಟ್ಟೆ ಮೇಲೆ ಕೂತು ವಿಡಿಯೋ ನೋಡುವ ಹುಡುಗರನ್ನು ನೀವೂ ನೋಡಿರ್ತೀರಿ.

2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಎರಡು ವಾರದೊಳಗೆ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಬಂತು, ಅಮೆರಿಕಕ್ಕಿಂತಲೂ ಮೊದಲು. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಪ್ರಯೋಗ ಶುರುವಾದದ್ದೂ ಇಲ್ಲೇ. 1975ರಲ್ಲಿ ನಮ್ಮ ಹಳ್ಳಿಗಳು ಪರದೆಯ ಪ್ರಯೋಗಶಾಲೆಯಾಗಿದ್ದವು, 2020ರಲ್ಲಿ ಮತ್ತೆ ಆದವು. ವ್ಯತ್ಯಾಸ ಏನಂದರೆ, ಈ ಪ್ರಯೋಗಕ್ಕೆ ಜುಲೈ 31 ಇಲ್ಲ.

ಸರಿ, ಆರೋಗ್ಯಕ್ಕೆ ಬರೋಣ. ಇಲ್ಲಿ ಹುಷಾರಾಗಿ ಮಾತಾಡಬೇಕು, ಯಾಕಂದರೆ ಹೆದರಿಸುವವರೂ ಬಹಳ, ಏನೂ ಆಗಲ್ಲ ಅನ್ನುವವರೂ ಬಹಳ.

ಕಣ್ಣಿನ ವಿಷಯದಲ್ಲಿ: ಪರದೆ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಅದಕ್ಕೇ ಸಂಜೆ ಹೊತ್ತಿಗೆ ಕಣ್ಣು ಒಣಗಿ ಉರಿಯುತ್ತೆ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ನಾವು ಹೆಚ್ಚಿಗೆ ದುಡ್ಡು ಕೊಡ್ತೀವಲ್ಲ, ಅಂಥದು ಬೇಕು ಅಂತ ಅಮೆರಿಕದ ನೇತ್ರ ವೈದ್ಯರ ಅಕಾಡೆಮಿ ಶಿಫಾರಸು ಮಾಡೋದಿಲ್ಲ. ಮಕ್ಕಳಲ್ಲಿ ಹೆಚ್ಚುತ್ತಿರುವ ಸಮೀಪದೃಷ್ಟಿಯ ಪ್ರಶ್ನೆ ಬೇರೆ. ತೈವಾನ್ 2010ರಿಂದ ಶಾಲಾ ಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ಮಾಡಿತು. ದಶಕಗಳಿಂದ ಏರುತ್ತಿದ್ದ ದೃಷ್ಟಿದೋಷದ ಪ್ರಮಾಣ ಇಳಿಯತೊಡಗಿತು. ಅಂದರೆ ಪರದೆ ಏನು ಮಾಡಿತು ಎಂಬುದಷ್ಟೇ ಅಲ್ಲ, ಬಿಸಿಲನ್ನು ಅದು ಎಷ್ಟು ತಿಂದಿತು ಎಂಬುದೂ ಪ್ರಶ್ನೆ.

ನಿದ್ದೆಯದೂ ಹೀಗೇ. ಮಲಗುವ ಮುನ್ನ ನಾಲ್ಕು ತಾಸು ಇ-ರೀಡರಿನಲ್ಲಿ ಓದಿದವರನ್ನು, ಕಾಗದದ ಪುಸ್ತಕ ಓದಿದವರ ಜೊತೆ ಹೋಲಿಸಿದ ಅಮೆರಿಕದ ಒಂದು ಅಧ್ಯಯನ 2014ರ ಕೊನೆಯಲ್ಲಿ ಬಂತು. ನಿದ್ದೆ ಹತ್ತಲು ಸುಮಾರು 10 ನಿಮಿಷ ತಡವಾಯಿತು ಅಂತ ಅದು ಹೇಳಿತು. ಹತ್ತು ನಿಮಿಷ! ನಮ್ಮ ನಿದ್ದೆ ಕೆಡಿಸಿದ್ದು ಬರೀ ನೀಲಿ ಬೆಳಕಾಗಿದ್ದರೆ ಇಷ್ಟು ಚಿಂತೆ ಬೇಕಿರಲಿಲ್ಲ. ಹನ್ನೊಂದಕ್ಕೆ ಮಲಗಬೇಕಾದವನು ಒಂದಕ್ಕೆ ಮಲಗುವುದು ಬೆಳಕಿನಿಂದಲ್ಲ, ಮುಗಿಯದ ಸ್ಕ್ರೋಲಿನಿಂದ.

ಮನಸ್ಸಿನ ಬಗ್ಗೆ ದೊಡ್ಡ ಜಗಳವೇ ನಡೆದಿದೆ. 2019ರಲ್ಲಿ ಎಮಿ ಆರ್ಬೆನ್ ಮತ್ತು ಆಂಡ್ರ್ಯೂ ಪ್ರಿಬಿಲ್‌ಸ್ಕಿ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿ, ಅವರ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ. 0.4 ಎಂದರು. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಇರುವ ನಂಟು ಹೆಚ್ಚುಕಡಿಮೆ ಅಷ್ಟೇ ಎಂಬ ಹೋಲಿಕೆ ಆಗ ಸುದ್ದಿಯಾಯಿತು. ಇತ್ತ ಜೀನ್ ಟ್ವೆಂಗೆ, ಜೊನಾಥನ್ ಹೈಟ್ ಅಂಥವರು ಮಕ್ಕಳ ಖಿನ್ನತೆ ಏರಿದ್ದಕ್ಕೆ ಸ್ಮಾರ್ಟ್‌ಫೋನೇ ಮುಖ್ಯ ಕಾರಣ ಅನ್ನುತ್ತಾರೆ. ನನಗೆ ಅನ್ನಿಸುವುದು ಏನಂದರೆ, ಸರಾಸರಿಯಲ್ಲಿ ಎಲ್ಲರೂ ಆರಾಮಿರಬಹುದು, ಆದರೆ ಸರಾಸರಿಯ ಒಳಗೆ ಮುಳುಗುತ್ತಿರುವವನೂ ಇರುತ್ತಾನೆ. ಅಂಥವರಿಗಾಗಿಯೇ ನಮ್ಮ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ 'ಶಟ್' ಕ್ಲಿನಿಕ್ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಪಟ್ಟಿಯಲ್ಲಿ ಗೇಮಿಂಗ್ ಚಟಕ್ಕೆ ಜಾಗವಿದೆ, 'ಸ್ಮಾರ್ಟ್‌ಫೋನ್ ಚಟ' ಎಂಬ ರೋಗ ಅದರಲ್ಲಿಲ್ಲ. ಅದೇ ವರ್ಷ ಆ ಸಂಸ್ಥೆ ಎರಡು ವರ್ಷ ತುಂಬುವವರೆಗೆ ಮಕ್ಕಳಿಗೆ ಸ್ಕ್ರೀನೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಬೇಡ ಎಂದಿತು. ದೊಡ್ಡವರಿಗೆ ಇಷ್ಟೇ ಗಂಟೆ ಅಂತ ಅದು ಹೇಳಿಲ್ಲ.

ಹೇಳೋಕೂ ಆಗಲ್ಲ. ಅವ್ವನ ಜೊತೆಗಿನ ಒಂದು ತಾಸು ಮತ್ತು ದೋಸೆ ರೀಲಿನ ಒಂದು ತಾಸು ಗಡಿಯಾರಕ್ಕೆ ಒಂದೇ, ನನಗೆ ಒಂದೇ ಅಲ್ಲ. ಅವ್ವನ ಕಾಲ್ ತಾನೇ ಮುಗಿಯುತ್ತೆ: "ಆತು ಇಡತೀನಿ, ಹಾಲು ಉಕ್ಕತಾವ." ಹಾಗಾಗಿ ಎಷ್ಟು ಹೊತ್ತು ಎಂಬ ಪ್ರಶ್ನೆ ಬಿಟ್ಟು, ಇದು ತಾನಾಗಿ ಮುಗಿಯುತ್ತಾ ಎಂಬ ಪ್ರಶ್ನೆ ಕೇಳಿಕೊಳ್ಳುವುದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ತಾನಾಗಿ ಮುಗಿಯುವುದಕ್ಕೆ ನಾನು ಲೆಕ್ಕ ಇಡೋದಿಲ್ಲ. ಮುಗಿಯದೇ ಇರುವುದನ್ನು ಫೋನಿನಲ್ಲಿ ಇಟ್ಟುಕೊಂಡಿಲ್ಲ, ನೋಡಲೇಬೇಕು ಅನ್ನಿಸಿದರೆ ಲ್ಯಾಪ್‌ಟಾಪಿನಲ್ಲಿ ಕೂತು ನೋಡ್ತೀನಿ. ಕರೆ ಮತ್ತು ಬ್ಯಾಂಕ್ ಬಿಟ್ಟರೆ ಉಳಿದ ನೋಟಿಫಿಕೇಶನ್ ಬಂದ್. ಅಲಾರಂಗೆ ಊರಿಂದ ತಂದ ಟೈಂಪೀಸ್ ಇದೆ, ಫೋನ್ ಹಾಲಿನಲ್ಲಿ ಮಲಗುತ್ತೆ.

ಒಬ್ಬೊಬ್ಬರ ಶಿಸ್ತಿನಿಂದ ಇದು ಪೂರ್ತಿ ಬಗೆಹರಿಯೋದಿಲ್ಲ ಅನ್ನೋದೂ ಇತಿಹಾಸದ ಪಾಠವೇ. ರೇಡಿಯೋ ಆರಿಸಿದ್ದು ಅಪ್ಪನ ಸಂಯಮವಲ್ಲ, ನಿಲಯದ ವ್ಯವಸ್ಥೆ. ಬೆಳಗಾವಿಗೆ ಹೊಂದಿಕೊಂಡ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ ಇದನ್ನು ಅರ್ಥ ಮಾಡಿಕೊಂಡಿತು. 2022ರ ಆಗಸ್ಟ್ 15ರಿಂದ ಅಲ್ಲಿ ಸಂಜೆ 7 ಗಂಟೆಗೆ ಗುಡಿಯ ಸೈರನ್ ಕೂಗಿದರೆ ಒಂದೂವರೆ ತಾಸು ಟಿವಿ, ಮೊಬೈಲ್ ಬಂದ್. ಮಕ್ಕಳು ಪುಸ್ತಕ ಹಿಡಿಯುತ್ತಾರೆ, ದೊಡ್ಡವರು ಮಾತಿಗೆ ಕೂರುತ್ತಾರೆ. ಅವರು ತಂತ್ರಜ್ಞಾನವನ್ನು ಬೈಯಲಿಲ್ಲ, ಅದಕ್ಕೆ ಒಂದು ಮುಕ್ತಾಯ ಕಟ್ಟಿದರು. ಫ್ರಾನ್ಸ್ 2017ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಕಾನೂನಿಗೆ ಸೇರಿಸಿತು. ರಾತ್ರಿ ಹತ್ತಕ್ಕೆ ಮ್ಯಾನೇಜರ್ "ಫ್ರೀ ಇದ್ದೀರಾ?" ಅಂತ ಮೆಸೇಜ್ ಹಾಕುವ ನಮ್ಮ ಔಟರ್ ರಿಂಗ್ ರೋಡಿನಲ್ಲಿ ಇದು ಪುರಾಣದ ಕಥೆ ಹಾಗೆ ಕೇಳಿಸಬಹುದು. ನಮ್ಮ ಸ್ಕ್ರೀನ್ ಟೈಮಿನಲ್ಲಿ ಚಟದ ಪಾಲೆಷ್ಟು, ನೌಕರಿಯ ಪಾಲೆಷ್ಟು ಅಂತ ಬಿಡಿಸಿ ನೋಡಿದರೆ ಬಯ್ಯಿಸಿಕೊಳ್ಳಬೇಕಾದವರು ನಾವಷ್ಟೇ ಅಲ್ಲ ಅಂತ ಗೊತ್ತಾಗುತ್ತೆ.

ಇದನ್ನು ಓದುವ ನಿಮ್ಮಲ್ಲಿ ಬಹಳ ಜನ ನನ್ನ ಕಸುಬಿನವರೇ. ನಮ್ಮ ಮೀಟಿಂಗುಗಳಲ್ಲಿ ಇವತ್ತು ಎಷ್ಟು ಜನ ಬಂದರು, ಎಷ್ಟು ಹೊತ್ತು ಇದ್ದರು, ನಾಳೆ ಎಷ್ಟು ಜನ ವಾಪಸ್ ಬರ್ತಾರೆ ಅನ್ನೋದಕ್ಕೆಲ್ಲ ಡ್ಯಾಶ್‌ಬೋರ್ಡ್ ಇದೆ. ಎಷ್ಟು ಜನ "ಇವತ್ತಿಗೆ ಸಾಕು, ನನ್ನ ಕೆಲಸ ಆಯ್ತು" ಅಂತ ನೆಮ್ಮದಿಯಿಂದ ಎದ್ದುಹೋದರು ಅನ್ನೋದಕ್ಕೆ ಒಂದು ಕಾಲಂ ಕೂಡ ಇಲ್ಲ. ಅಂಥ ಕಾಲಂ ಬೇಕು ಅಂತ ಕೇಳುವ ಹಕ್ಕು ಆ ಕೋಣೆಯಲ್ಲಿ ಕೂತ ನಮಗಿದೆ. ಕೊನೆಯಿಲ್ಲದ ಸ್ಕ್ರೋಲನ್ನು ಬರೆದದ್ದು ಒಬ್ಬ ಪ್ರೋಗ್ರಾಮರ್. "ಇಲ್ಲಿಗೆ ಮುಗಿಯಿತು" ಎಂಬ ಒಂದು ಸಾಲನ್ನು ಪುಟದ ಅಡಿಯಲ್ಲಿ ಸೇರಿಸುವುದೂ ಯಾರೋ ಒಬ್ಬ ಪ್ರೋಗ್ರಾಮರೇ ಮಾಡಬೇಕಾದ ಕೆಲಸ. ಕೋಡ್ ಲೆಕ್ಕದಲ್ಲಿ ಅದು ತೀರಾ ಸಣ್ಣದು.